ಮಳೆಗಾಲದಲ್ಲಿ ಕಲ್ಯಾಣಿ ಕೇಳಬೇಡಿ

ಮಂಗಳೂರಿನಲ್ಲಿ ಹವ್ಯಾಸಕ್ಕೆ ಸ್ಯಾಕ್ಸೋಫೋನ್ ಊದುವವರು ನಾಲ್ಕು ಜನ ಸೇರಿದರೆ ಜೂನ್ ತಿಂಗಳಲ್ಲಿ ಈ ಮಾತು ಬಂದೇ ಬರುತ್ತದೆ: "ಮಳೆಗಾಲದಲ್ಲಿ ಕಲ್ಯಾಣಿ ಕೇಳಬೇಡಿ, ಶಂಕರಾಭರಣವೇ ಸಿಗುವುದು." ಎರಡೂ ರಾಗಗಳ ಹೆಸರು. ಹಳಬರು ಜೋರಾಗಿ ನಗುತ್ತಾರೆ. ಹೊಸಬರು ಅವರನ್ನು ನೋಡಿ ಸುಮ್ನೆ ನಗುತ್ತಾರೆ. ಆಮೇಲೆ ನನ್ನ ಹತ್ತಿರ ಬಂದು "ಅದು ಯಾಕೆ ಮಾಷ್ಟ್ರೇ?" ಎಂದು ಮೆಲ್ಲ ಕೇಳುತ್ತಾರೆ. ನಾನು ವಾದ್ಯ ರಿಪೇರಿಯವ, ಸಂಜೆ ಹೊತ್ತು ಪಾಠವೂ ಉಂಟು. ನಮ್ಮಲ್ಲಿ ಓಡಾಡುವ ಸ್ಯಾಕ್ಸೋಫೋನ್ ಜೋಕುಗಳಲ್ಲಿ ಮುಕ್ಕಾಲು ಪಾಲು ರಿಪೇರಿ ಮೇಜಿನ ಮೇಲೆ ಹುಟ್ಟಿದವು. ಒಂದೊಂದರ ಹಿಂದೆಯೂ ಒಂದು ಸ್ಪ್ರಿಂಗೋ ಪ್ಯಾಡೋ ಅಡಗಿರುತ್ತದೆ. ಅದು ಗೊತ್ತಾದರೆ ಹೊಸಬರ ಅರ್ಧ ಚಿಂತೆ ಹೋಗುತ್ತದೆ. ಯಾಕೆಂದರೆ ಅವರ ಎಲ್ಲ ಪ್ರಶ್ನೆಗಳ ಅಡಿಯಲ್ಲೂ ಒಂದೇ ಹೆದರಿಕೆ: ವಾದ್ಯ ಹಾಳೋ, ನಾನು ಹಾಳೋ?

ಕಲ್ಯಾಣಿಯ ವಿಷಯ ಮೊದಲು. ಸ್ಯಾಕ್ಸೋಫೋನಿನ ಡಿ ಸ್ವರದಲ್ಲಿ ಷಡ್ಜ ಇಟ್ಟುಕೊಂಡರೆ ಜಿ ಶುದ್ಧ ಮಧ್ಯಮ, ಜಿ ಶಾರ್ಪ್ ಪ್ರತಿ ಮಧ್ಯಮ. ಕಲ್ಯಾಣಿಗೂ ಶಂಕರಾಭರಣಕ್ಕೂ ಸ್ವರಗಳಲ್ಲಿ ಇರುವ ವ್ಯತ್ಯಾಸ ಈ ಮಧ್ಯಮ ಒಂದೇ: ಕಲ್ಯಾಣಿಗೆ ಪ್ರತಿ, ಶಂಕರಾಭರಣಕ್ಕೆ ಶುದ್ಧ. ಜಿ ಶಾರ್ಪ್ ಬರಬೇಕಾದರೆ ಜಿ ಹಿಡಿದ ಬೆರಳುಗಳ ಜೊತೆಗೆ ಎಡಗೈ ಕಿರುಬೆರಳನ್ನೂ ಒತ್ತಬೇಕು. ಆಗ ಒಂದು ತೂತನ್ನು ಮುಚ್ಚಿಕೊಂಡಿದ್ದ ಪ್ಯಾಡ್, ಅಂದರೆ ಚರ್ಮ ಹೊದಿಸಿದ ಮುಚ್ಚಳ, ಮೇಲೆ ಏಳುತ್ತದೆ. ಮಳೆಗಾಲದ ಪಸೆಗೆ ಆ ಪ್ಯಾಡ್ ಅಂಟಿ ಕೂತರೆ ಏಳುವುದಿಲ್ಲ, ಜಿ ಯೇ ಕೇಳುತ್ತದೆ. ನೀವು ಊದಿದ್ದು ಕಲ್ಯಾಣಿ, ಎದುರು ಕೂತವರಿಗೆ ಶಂಕರಾಭರಣ!

ಅಂಟುವ ಪ್ಯಾಡುಗಳು ಬೇರೆಯೂ ಇವೆ, ಆದರೆ ಇದರ ಹಟ ಜಾಸ್ತಿ. ಕಾರಣ ಕೀಲಿಯ ರಚನೆಯಲ್ಲೇ ಇದೆ. ಇಲ್ಲಿ ಎರಡು ಸ್ಪ್ರಿಂಗ್. ಪ್ಯಾಡನ್ನು ಎತ್ತುವುದು ಒಂದು ಮೆತ್ತನೆಯ ಸ್ಪ್ರಿಂಗ್. ಕಿರುಬೆರಳಿನ ಲಿವರಿಗೆ ಇರುವ ಗಟ್ಟಿ ಸ್ಪ್ರಿಂಗ್ ಅದನ್ನು ಅದುಮಿ ಮುಚ್ಚಿಡುತ್ತದೆ. ನೀವು ಲಿವರ್ ಒತ್ತಿದಾಗ ಗಟ್ಟಿಯದ್ದು ದಾರಿ ಬಿಡುತ್ತದೆ, ಅಷ್ಟೇ. ಪ್ಯಾಡನ್ನು ಕಿತ್ತು ಎತ್ತುವ ಕೆಲಸ ಪಾಪದ ಆ ಮೆತ್ತನೆಯ ಸ್ಪ್ರಿಂಗಿಗೇ ಬಿಟ್ಟದ್ದು. ಹಾಗಾಗಿ ಕಿರುಬೆರಳು ನೋಯುವಷ್ಟು ಒತ್ತಿದರೂ ಪ್ರಯೋಜನ ಇಲ್ಲ. ಬೆರಳಿನ ಬಲ ಪ್ಯಾಡಿಗೆ ತಲುಪುವುದೇ ಇಲ್ಲ.

ಪರಿಹಾರ ಸುಲಭ. ತೆಳ್ಳಗಿನ ಒಂದು ಚೂರು ಕಾಗದವನ್ನು ಪ್ಯಾಡಿನ ಅಡಿಗೆ ಇಟ್ಟು, ಮೆಲ್ಲ ಒತ್ತಿ, ಸ್ವಲ್ಪ ಹೊತ್ತು ಬಿಡಿ. ಪಸೆ ಕಾಗದಕ್ಕೆ ಬರುತ್ತದೆ. ಗಟ್ಟಿ ಒತ್ತಿ ಹಿಡಿದು ಎಳೆಯಬೇಡಿ, ಪ್ಯಾಡಿನ ತೆಳು ಚರ್ಮ ಹರಿಯುತ್ತದೆ. ಪೌಡರ್ ಹಾಕುವವರು ಇದ್ದಾರೆ. ಒಂದು ವಾರ ಚೆನ್ನಾಗಿರುತ್ತದೆ, ಆಮೇಲೆ ಪೌಡರೂ ಎಂಜಲೂ ಸೇರಿ ಗೋಂದು. ಇನ್ನು ಗೋಳಿಬಜೆ ತಿಂದು, ಸಕ್ಕರೆ ಹಾಕಿದ ಚಹಾ ಕುಡಿದು, ಬಾಯಿ ತೊಳೆಯದೆ ಊದುವವರಿಗೆ ನಾನು ಯಾವ ಔಷಧಿಯನ್ನೂ ಹೇಳುವುದಿಲ್ಲ.

ಎರಡನೇ ಪ್ರಶ್ನೆ ಹೊಸದಾಗಿ ಆಲ್ಟೋ ಸ್ಯಾಕ್ಸೋಫೋನ್ ತೆಗೆದುಕೊಂಡವರದ್ದು. ಮೊಬೈಲಿನ ತಂಬೂರಿಯಲ್ಲಿ ಸಿ ಹಾಕಿ, ಪುಸ್ತಕದಲ್ಲಿ ಕೊಟ್ಟ ಹಾಗೆ ಸಿ ಬೆರಳು ಹಿಡಿದು ಊದುತ್ತಾರೆ. ಎರಡೂ ಕೂಡುವುದಿಲ್ಲ. "ಶ್ರುತಿ ತಪ್ಪಿದ ವಾದ್ಯ ಕೊಟ್ಟು ಮೋಸ ಮಾಡಿದ್ದಾರೆ ಮಾರಾಯ್ರೇ" ಎಂದು ಬರುತ್ತಾರೆ. ಯಾರೂ ಮೋಸ ಮಾಡಿಲ್ಲ. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪ್ಯಾರಿಸ್ಸಿನಲ್ಲಿ ಪೇಟೆಂಟ್ ಪಡೆದದ್ದು ಒಂದು ವಾದ್ಯಕ್ಕಲ್ಲ, ಸಣ್ಣದರಿಂದ ದೊಡ್ಡದರ ತನಕ ಒಂದು ಕುಟುಂಬಕ್ಕೆ. ಒಂದನ್ನು ಕಲಿತವರು ಬೆರಳು ಬದಲಿಸದೆ ಇನ್ನೊಂದನ್ನೂ ನುಡಿಸಬೇಕು ಎಂಬುದು ಲೆಕ್ಕ. ಬೆರಳು ಒಂದೇ, ಆದರೆ ಕೊಳವೆಯ ಉದ್ದ ಬೇರೆ. ಆದ್ದರಿಂದ ಒಂದೇ ಬೆರಳಿಗೆ ಒಂದೊಂದು ವಾದ್ಯದಲ್ಲಿ ಒಂದೊಂದು ಶ್ರುತಿ.

ನಮ್ಮ ಕಡೆಯವರಿಗೆ ಇದನ್ನು ಯಕ್ಷಗಾನದ ಲೆಕ್ಕದಲ್ಲಿ ಹೇಳಿದರೆ ಕೂಡಲೇ ಅರ್ಥ ಆಗುತ್ತದೆ. ಭಾಗವತರು ಬಿಳಿ ಒಂದು, ಕಪ್ಪು ಎರಡು ಅನ್ನುತ್ತಾರಲ್ವಾ? ಹಾರ್ಮೋನಿಯಂನ ಸಿ ಬಿಳಿ ಒಂದು. ಆಲ್ಟೋದಲ್ಲಿ ಸಿ ಬೆರಳು ಹಿಡಿದರೆ ಕೇಳುವುದು ಕಪ್ಪು ಎರಡು. ಸ್ಥಾಯಿಯ ಮಾತು ಸದ್ಯಕ್ಕೆ ಬಿಡಿ. ಯಾವ ಬೆರಳು ಹಿಡಿದರೂ ಬಿಳಿ, ಕಪ್ಪು ಎರಡನ್ನೂ ಎಣಿಸಿ ಮೂರು ಮನೆ ಮುಂದೆ ಹೋಗಿ, ಕೇಳುವ ಸ್ವರ ಅದು. ಎ ಹಿಡಿದರೆ ಬಿಳಿ ಒಂದು. ಡಿ ಹಿಡಿದರೆ ಬಿಳಿ ನಾಲ್ಕು. ಜಿ ಹಿಡಿದರೆ ಕಪ್ಪು ಐದು. ಆಲ್ಟೋಕ್ಕಿಂತ ದೊಡ್ಡದಾದ ಟೆನರ್ ಸ್ಯಾಕ್ಸೋಫೋನಿನ ಲೆಕ್ಕ ಬೇರೆ, ಅದರಲ್ಲಿ ಸಿ ಹಿಡಿದರೆ ಕಪ್ಪು ಐದು ಬರುತ್ತದೆ. ಇದನ್ನು ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಯ ಒಳಗೆ ಅಂಟಿಸಿಡಿ. ಭಜನೆಗೆ ಕರೆದಾಗ ಹಾರ್ಮೋನಿಯಂನವರು "ಎಷ್ಟು ಮನೆ?" ಎಂದರೆ ಬಾಯಿ ಬಿಡುವುದು ತಪ್ಪುತ್ತದೆ.

ಹಿತ್ತಾಳೆಯ ವಾದ್ಯವನ್ನು ಮರದ ಸುಷಿರವಾದ್ಯಗಳ ಗುಂಪಿಗೆ ಯಾಕೆ ಸೇರಿಸಿದ್ದಾರೆ ಎಂಬ ವಾದ ಚರ್ಚ್ ಬ್ಯಾಂಡಿನವರಿಗೂ ನಮ್ಮವರಿಗೂ ಸದಾ ನಡೆಯುತ್ತದೆ. ಟ್ರಂಪೆಟಿನಲ್ಲಿ ತುಟಿಯೇ ಕಂಪಿಸಿ ನಾದ ಹುಟ್ಟುತ್ತದೆ, ಇದರಲ್ಲಿ ಬಾಯಿಗೆ ಇಡುವ ಮೌತ್‌ಪೀಸಿಗೆ ಕಟ್ಟಿದ ತೆಳು ಪಟ್ಟಿ, ಅಂದರೆ ರೀಡ್, ಕಂಪಿಸುತ್ತದೆ. ಇಷ್ಟು ಸಾಕು, ಮುಂದೆ ಹೋಗೋಣ.

ರೀಡ್ ಅಂದಾಗ ನಂಬರಿನ ಜಂಬ ನೆನಪಾಗುತ್ತದೆ. "ನಾನು 3ಕ್ಕೆ ಬಂದೆ, ನೀನಿನ್ನೂ 2ರಲ್ಲೇ?" ರೀಡಿನ ನಂಬರು ಪರೀಕ್ಷೆಯ ದರ್ಜೆ ಅಲ್ಲ, ಚಪ್ಪಲಿಯ ಸೈಜಿನ ಹಾಗೆ. ದೊಡ್ಡ ನಂಬರೆಂದರೆ ಬಿರುಸು ಜಾಸ್ತಿ, ಅಷ್ಟೇ. ಮೌತ್‌ಪೀಸಿನ ತುದಿ ಹೆಚ್ಚು ತೆರೆದಿದ್ದರೆ ಮೆದು ರೀಡ್ ಬೇಕು, ಕಡಿಮೆ ತೆರೆದಿದ್ದರೆ ಸ್ವಲ್ಪ ಬಿರುಸು ನಡೆಯುತ್ತದೆ. ಒಂದು ಕಂಪನಿಯ 2.5 ಇನ್ನೊಂದು ಕಂಪನಿಯ 2.5ರ ಹಾಗೆ ಇರುವುದೂ ಇಲ್ಲ. ಕಲಿಯಲು ಸುರು ಮಾಡುವವರಿಗೆ ನಾನು 2 ಅಥವಾ 2.5 ಕೊಡುತ್ತೇನೆ.

ರೀಡ್ ಅಂದರೆ ಒಂದು ಜಾತಿಯ ಜೊಂಡು, ಅರುಂಡೊ ಡೋನಾಕ್ಸ್. ಫ್ರಾನ್ಸಿನ ದಕ್ಷಿಣದ ವಾರ್ ಪ್ರದೇಶದ್ದು ಹೆಸರುವಾಸಿ. ಅಲ್ಲಿಯ ಒಣ ಬಿಸಿಲಿನಲ್ಲಿ ಬೆಳೆದದ್ದು ಇಲ್ಲಿ, ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಊರಿಗೆ ಬಂದು ಒದ್ದೆಯಾಗಿಯೇ ಇದ್ದರೆ ಬೂಸ್ಟು ಹಿಡಿಯದೆ ಇನ್ನೇನಾಗುತ್ತದೆ? ಊದಿ ಮುಗಿದ ಮೇಲೆ ಮೌತ್‌ಪೀಸಿನಲ್ಲೇ ಬಿಡಬೇಡಿ. ಬಿಚ್ಚಿ, ಒರೆಸಿ, ಚಪ್ಪಟೆಯಾಗಿ ಕೂರುವ ಡಬ್ಬಿಯಲ್ಲಿ ಇಡಿ. ಮೂರು ನಾಲ್ಕು ರೀಡುಗಳನ್ನು ಸರದಿಯಲ್ಲಿ ಬಳಸಿ. ಬೂಸ್ಟು ಕಂಡದ್ದನ್ನು ಬಿಸಾಡಿ, ಅದು ನೀವು ಬಾಯಿಗೆ ಇಡುವ ವಸ್ತು. ಜುಲೈ ಪೂರ್ತಿ ಈ ರಗಳೆ ಬೇಡ ಅನ್ನುವವರಿಗೆ ಪ್ಲಾಸ್ಟಿಕ್ ರೀಡ್ ಉಂಟು. ನಾದ ನನಗೆ ಅಷ್ಟು ರುಚಿಸುವುದಿಲ್ಲ, ಆದರೆ ನೆನೆಯುವುದೂ ಇಲ್ಲ, ಸೊಟ್ಟ ಆಗುವುದೂ ಇಲ್ಲ.

ಮೌತ್‌ಪೀಸ್ ಸಂಗ್ರಹಿಸುವ ಕಾಯಿಲೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅದಿರುವವರ ಮನೆಯವರೆಲ್ಲ ನನಗೆ ಪರಿಚಯ. ಯಮಾಹಾ 4ಸಿ ಹಾಕಿ ಒಂದು ವರ್ಷ ಊದಿ, ಆಮೇಲೆ ಮಾತಾಡೋಣ. ಮೆರುಗು ಚಿನ್ನದ ಬಣ್ಣದ್ದೋ ಬೆಳ್ಳಿಯದ್ದೋ ಎಂಬ ಚರ್ಚೆಗೂ ಇದೇ ಉತ್ತರ. ನಾದ ಮಾಡುವುದು ಒಳಗಿನ ಗಾಳಿ, ಹೊರಗಿನ ಬಣ್ಣ ಅಲ್ಲ.

ಈಗ ದೊಡ್ಡ ಪ್ರಶ್ನೆ. "ನನ್ನದಕ್ಕೂ ಕದ್ರಿ ಸೆಟ್ಟಿಂಗ್ ಮಾಡಿಕೊಡಿ." ಇದು ಜೋಕೂ ಹೌದು, ನಿಜವಾದ ಬೇಡಿಕೆಯೂ ಹೌದು. ಬಂಟ್ವಾಳದ ಸಜಿಪದಲ್ಲಿ 1949ರಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ನಾಗಸ್ವರದ ಮನೆಯವರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಅದರ ಬೆನ್ನು ಹತ್ತಿದರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಸಂಗೀತೋತ್ಸವದ ತನಕ ಕರ್ನಾಟಕ ಸಂಗೀತವನ್ನು ಈ ವಾದ್ಯದಲ್ಲೇ ಕೊಂಡು ಹೋದರು. 2019ರಲ್ಲಿ ತೀರಿಕೊಂಡರು. ಇವತ್ತು ನಮ್ಮಲ್ಲಿ ಮದುವೆ, ದೇವಸ್ಥಾನ, ಭೂತಕೋಲ ಎಲ್ಲಿ ನೋಡಿದರೂ ಸ್ಯಾಕ್ಸೋಫೋನ್ ಇದೆ. ಅವರು ತಮ್ಮ ವಾದ್ಯದಲ್ಲಿ ಬದಲಾವಣೆ ಮಾಡಿಕೊಂಡದ್ದು ನಿಜ. ಆದರೆ ಗಮಕ, ಅಂದರೆ ಸ್ವರವನ್ನು ಆಡಿಸುವ, ಜಾರಿಸುವ ಕಲೆ, ಇದ್ದದ್ದು ಅವರ ಬಾಯಿಯಲ್ಲಿ, ನನ್ನ ಸ್ಕ್ರೂಡ್ರೈವರಿನಲ್ಲಿ ಅಲ್ಲ.

ಕೊಳಲಿನಲ್ಲೂ ನಾಗಸ್ವರದಲ್ಲೂ ತೂತಿನ ಮೇಲೆ ಬೆರಳೇ ಕೂರುತ್ತದೆ. ಅರ್ಧ ಮುಚ್ಚಬಹುದು, ಜಾರಿಸಬಹುದು. ಸ್ಯಾಕ್ಸೋಫೋನಿನಲ್ಲಿ ಬೆರಳಿಗೂ ತೂತಿಗೂ ಮಧ್ಯೆ ಕೀಲಿ, ಪ್ಯಾಡ್. ಜಾರು ಬರಬೇಕಾದರೆ ಕೆಳದವಡೆಯಿಂದ, ತುಟಿಯಿಂದ, ಗಂಟಲಿನಿಂದ ತರಬೇಕು. ಇಲ್ಲಿ ಒಂದು ಗುಟ್ಟು ಉಂಟು. ಈ ವಾದ್ಯದಲ್ಲಿ ತುಟಿ ಸಡಿಲಿಸಿ ಸ್ವರವನ್ನು ಕೆಳಗೆ ಎಳೆಯುವುದು ಸುಲಭ. ಬಿಗಿ ಮಾಡಿ ಮೇಲೆ ಎತ್ತಲು ನೋಡಿದರೆ ಸ್ವಲ್ಪವೇ ಏಳುತ್ತದೆ. ಹಾಗಾಗಿ ಕೆಳಗಿನ ಸ್ವರ ಹಿಡಿದು ಮೇಲಕ್ಕೆ ತಳ್ಳುವ ಪ್ರಯತ್ನ ಬೇಡ. ಮೇಲಿನ ಸ್ವರದ ಬೆರಳನ್ನೇ ಹಿಡಿಯಿರಿ, ತುಟಿ ಸಡಿಲ ಮಾಡಿ ಕೆಳಗಿನಿಂದ ಸುರು ಮಾಡಿ, ಹತ್ತುತ್ತಾ ಬಂದು ಅಲ್ಲಿ ನಿಲ್ಲಿ. ಜೊತೆಗೆ ಕೀಲಿಯನ್ನು ಪಟಕ್ಕನೆ ಬಿಡದೆ ಮೆಲ್ಲ ಬಿಡುವುದು. ಮೇಲಿನ ಸ್ಥಾಯಿಯಲ್ಲಿ ಇದು ಬೇಗ ಬರುತ್ತದೆ, ಅಭ್ಯಾಸ ಅಲ್ಲಿಂದ ಸುರುವಾಗಲಿ. ತಂಬೂರಿ ಹಾಕಿಕೊಂಡು ಅರ್ಧ ಸ್ವರ ಇಳಿದು, ಪುನಃ ಸರಿಯಾದ ಜಾಗಕ್ಕೆ ಬಂದು ನಿಲ್ಲುವುದು. ದಿನಕ್ಕೆ ಹತ್ತು ನಿಮಿಷ ಸಾಕು, ಆದರೆ ದಿನಾ.

ಫ್ಲ್ಯಾಟಿನಲ್ಲಿ ಇರುವವರ ಕಷ್ಟ ಬೇರೆ. ವಾದ್ಯದ ತುದಿಯಲ್ಲಿ ಗಂಟೆಯ ಹಾಗೆ ಅಗಲವಾಗಿರುವ ಬಾಯಿಗೆ ಬೈರಾಸು (ಟವೆಲ್) ತುರುಕಿ ಊದುವವರನ್ನು ನೋಡಿದ್ದೇನೆ. ಸದ್ದು ಆ ಬಾಯಿಯಿಂದ ಮಾತ್ರ ಬರುವುದಲ್ಲ, ತೆರೆದ ತೂತುಗಳಿಂದ ಎಲ್ಲ ಬರುತ್ತದೆ. ಬೈರಾಸಿನಿಂದ ಕೆಳಗಿನ ಸ್ವರಗಳು ಕೆಡುತ್ತವೆ, ಪಕ್ಕದ ಮನೆಯವರ ಮುಖ ಹಾಗೆಯೇ ಇರುತ್ತದೆ. ಬಟ್ಟೆ ತುಂಬಿದ ಕಪಾಟಿನ ಬಾಗಿಲು ತೆಗೆದು ಅದರ ಎದುರು ನಿಂತು ಊದಿ, ಸ್ವಲ್ಪ ವಾಸಿ. ಕೆಲವರು ಕಡಲ ಬದಿಗೆ, ಪಣಂಬೂರಿಗೋ ತಣ್ಣೀರುಬಾವಿಗೋ ಹೋಗುತ್ತಾರೆ. ಅಲ್ಲಿ ಬೈಯುವವರಿಲ್ಲ, ಆದರೆ ಉಪ್ಪು ಗಾಳಿ ಉಂಟು. ಕೀಲಿಗಳ ಅಡಿಯಲ್ಲಿ ಸೂಜಿಯಂಥ ಉಕ್ಕಿನ ಸ್ಪ್ರಿಂಗುಗಳಿವೆ. ತುಕ್ಕು ಹಿಡಿದರೆ ಅವು ಹೇಳದೆ ಕೇಳದೆ ಕಟಕ್ ಅನ್ನುತ್ತವೆ. ಮನೆಗೆ ಬಂದ ಕೂಡಲೇ ಒಣಬಟ್ಟೆಯಲ್ಲಿ ಒರೆಸಿ, ಸ್ಪ್ರಿಂಗಿನ ಬುಡಕ್ಕೆ ಸೂಜಿಮೊನೆಯಷ್ಟು ಕೀಲೆಣ್ಣೆ ಮುಟ್ಟಿಸಿ. ತೆಂಗಿನೆಣ್ಣೆ ಬೇಡ. ಅದು ದಿನ ಹೋದ ಹಾಗೆ ಜಿಗುಟಾಗಿ ಧೂಳನ್ನೆಲ್ಲ ಎಳೆದುಕೊಳ್ಳುತ್ತದೆ.

ಬ್ಯಾಂಕಿನಿಂದ ನಿವೃತ್ತರಾಗಿ ಬರುವವರು ಕೇಳುವುದು ಹಲ್ಲಿನ ಸೆಟ್ಟಿನ ಬಗ್ಗೆ. ಊದಬಹುದು. ಮೌತ್‌ಪೀಸಿನಲ್ಲಿ ಮೇಲಿನ ಹಲ್ಲು ತಾಗುವ ಜಾಗಕ್ಕೆ ರಬ್ಬರಿನ ತೆಳು ಪಟ್ಟಿ ಅಂಟಿಸಿದರೆ ಜಾರುವುದಿಲ್ಲ. ಬಿಪಿ ಇದ್ದರೆ ನನ್ನನ್ನಲ್ಲ, ಡಾಕ್ಟರನ್ನು ಕೇಳಿ.

ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವವರು ಊದಲು ಗೊತ್ತಿರುವವರನ್ನು ಜೊತೆಗೆ ಕರೆದುಕೊಂಡು ಹೋಗಿ. ತೀರಾ ಕೆಳಗಿನ ಬಿ ಫ್ಲ್ಯಾಟನ್ನು ಮೆಲುವಾಗಿ ಊದಿಸಿ ನೋಡಿ. ಅದಕ್ಕೆ ತೂತುಗಳೆಲ್ಲ ಮುಚ್ಚಿರಬೇಕು. ಮೆಲುವಾಗಿ ಊದಿದಾಗಲೂ ಸ್ವರ ಬಂದರೆ ಪ್ಯಾಡುಗಳು ಸರಿಯಾಗಿ ಕೂತಿವೆ. ಗಟ್ಟಿ ಊದಿದರೆ ಮಾತ್ರ ಬರುತ್ತದೆ ಎಂದಾದರೆ ಎಲ್ಲೋ ಗಾಳಿ ಸೋರುತ್ತಿದೆ. ರಿಪೇರಿ ಖರ್ಚನ್ನು ಕ್ರಯದಲ್ಲಿ ಕಳೆದು ಮಾತಾಡಿ.

ಸರ್ವಿಸಿಗೆ ಯಾವಾಗ ತರಬೇಕು ಎಂಬುದು ಬಾಕಿ. ಮೇ ಕೊನೆಗೆ ಬರುವ ಪತ್ತನಾಜೆ ಕಳೆದರೆ ಕೋಲ, ಜಾತ್ರೆ ನಿಲ್ಲುತ್ತದೆ, ತುಳುವರ ಆಟಿ ತಿಂಗಳಲ್ಲಿ ಮದುವೆಯೂ ಇಲ್ಲ. ಅದರಲ್ಲೇ ಹೊಟ್ಟೆ ಹೊರೆಯುವವರು ತಮ್ಮ ವಾದ್ಯಗಳನ್ನು ತರುವುದು ಆಗ. ಅವರದ್ದು ಮೊದಲು. ನಿಮ್ಮದನ್ನು ಚೌತಿ ಕಳೆದ ಮೇಲೆ ತನ್ನಿ. ದೀಪಾವಳಿಯ ಹಿಂದಿನ ದಿನ ತಂದು "ನಾಳೆಗೇ ಬೇಕಿತ್ತು" ಅನ್ನಬೇಡಿ.