ಕಾಲೇಜು ಫುಟ್‌ಬಾಲ್‌ನಲ್ಲಿ ‘ಫಿಸಿಕಲ್ ಟೀಮ್’ ಅಂದರೇನು? ಎದುರಾಳಿ ನಿಜಕ್ಕೂ ಹೆದರುತ್ತಾನಾ?

ಓದುಗರ ಪ್ರಶ್ನೆ: ಅಮೆರಿಕದ ಕಾಲೇಜು ಫುಟ್‌ಬಾಲ್ ನೋಡುವಾಗ ಕಾಮೆಂಟರಿಯವರು ‘ಈ ಟೀಮ್ ಫಿಸಿಕಲ್’, ‘ಆ ಟೀಮ್ ಸಾಫ್ಟ್’ ಅನ್ನುತ್ತಲೇ ಇರುತ್ತಾರೆ. ಆಡುವವರೆಲ್ಲ ದೈತ್ಯರೇ, ಎಲ್ಲರೂ ಗುದ್ದುವವರೇ. ಹಾಗಿರುವಾಗ ಒಂದು ತಂಡ ಗಟ್ಟಿ, ಇನ್ನೊಂದು ಮೆತ್ತಗೆ ಅಂತ ಹೇಗೆ ಗೊತ್ತಾಗುತ್ತೆ? ಹೆದರಿಸಿ ಪಂದ್ಯ ಗೆಲ್ಲೋಕೆ ಆಗುತ್ತಾ?

ಉತ್ತರ: ಮೊದಲು ಚೆಂಡನ್ನು ನೋಡುವುದು ಬಿಡಿ. ಟಿವಿ ಕ್ಯಾಮೆರಾ ಚೆಂಡಿನ ಹಿಂದೆ ಓಡುತ್ತದೆ, ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಚೆಂಡು ಹೊರಟ ಜಾಗದಲ್ಲಿ. ಸ್ನ್ಯಾಪ್ (ಚೆಂಡನ್ನು ಹಿಂದಕ್ಕೆ ಕೊಟ್ಟು ಆಟ ಶುರು ಮಾಡುವುದು) ಆಗಿ ಒಂದು ಸೆಕೆಂಡ್ ಕಳೆದಾಗ ಎರಡೂ ಕಡೆಯ ಲೈನ್‌ಮನ್‌ಗಳ (ಮುಂಸಾಲಿನಲ್ಲಿ ಎದುರುಬದುರು ನಿಲ್ಲುವವರು) ಹೆಲ್ಮೆಟ್‌ಗಳು ಎಲ್ಲಿವೆ ಅಂತ ನೋಡಿ. ಆ ಗುಂಪು ಡಿಫೆನ್ಸ್ (ತಡೆಯುವ ತಂಡ) ಕಡೆಗೆ ಒಂದು ಯಾರ್ಡ್, ಅಂದರೆ ಮೂರು ಅಡಿ, ಸರಿದಿದ್ದರೆ ಆಫೆನ್ಸ್ (ಚೆಂಡು ಕೈಯಲ್ಲಿರುವ ತಂಡ) ಗೆದ್ದಿದೆ, ಇತ್ತ ಸರಿದಿದ್ದರೆ ಡಿಫೆನ್ಸ್ ಗೆದ್ದಿದೆ. ಚೆಂಡು ಹಿಡಿದವನು ಆಮೇಲೆ ಎಷ್ಟು ದೂರ ಓಡಿದ ಅನ್ನುವುದು ಎರಡನೇ ಮಾತು. ಪಂದ್ಯದುದ್ದಕ್ಕೂ ಆ ಒಂದು ಯಾರ್ಡ್ ಕಿತ್ತುಕೊಳ್ಳುವ ತಂಡಕ್ಕೆ ಫಿಸಿಕಲ್ ಅನ್ನುತ್ತಾರೆ. ಭಯ ಹುಟ್ಟುವುದೂ ಅಲ್ಲಿಂದಲೇ.

ಒಂದೇ ಒಂದು ಸ್ನ್ಯಾಪ್ ಹತ್ತಿರದಿಂದ ನೋಡೋಣ. ಆಫೆನ್ಸಿನ ಬಲಗಡೆ ಗಾರ್ಡ್ ಮತ್ತು ಟ್ಯಾಕಲ್ ಎಂಬ ಇಬ್ಬರು ಲೈನ್‌ಮನ್‌ಗಳು ಅಕ್ಕಪಕ್ಕ ನಿಂತಿದ್ದಾರೆ. ತಲಾ 300 ಪೌಂಡ್, ಅಂದರೆ ಹತ್ತಿರಹತ್ತಿರ 136 ಕೆಜಿ. ಎದುರಿಗೆ ಅಷ್ಟೇ ತೂಕದ ಡಿಫೆನ್ಸಿವ್ ಟ್ಯಾಕಲ್. ಇಬ್ಬರೂ ಸೇರಿ ಅವನೊಬ್ಬನನ್ನು ಹಿಂದಕ್ಕೆ ತಳ್ಳಬೇಕು. ಇದಕ್ಕೆ ಡಬಲ್ ಟೀಮ್ ಅನ್ನುತ್ತಾರೆ. ಮೊದಲ ಹೆಜ್ಜೆ ಆರು ಇಂಚು, ಅಷ್ಟೇ. ದೊಡ್ಡ ಹೆಜ್ಜೆ ಹಾಕಿದರೆ ಕಾಲು ಗಾಳಿಯಲ್ಲಿರುವಾಗಲೇ ಡಿಕ್ಕಿಯಾಗುತ್ತದೆ, ಒಂಟಿಕಾಲಲ್ಲಿ ನಿಂತವನನ್ನು ಯಾರು ಬೇಕಾದರೂ ಉರುಳಿಸಬಹುದು. ಎರಡನೇ ಹೆಜ್ಜೆ ನೆಲ ಮುಟ್ಟುವ ಹೊತ್ತಿಗೆ ಕೈ ಎದುರಿನವನ ಎದೆ ಮೇಲಿರಬೇಕು: ಮೊಣಕೈ ಪಕ್ಕೆಗೆ ಒತ್ತಿಕೊಂಡು, ಹೆಬ್ಬೆರಳು ಮೇಲಕ್ಕೆ, ಅಂಗೈ ಅವನ ಎರಡು ಕಂಕುಳ ನಡುವೆ. ಶೋಲ್ಡರ್ ಪ್ಯಾಡ್ ಅವನ ಪ್ಯಾಡ್‌ಗಿಂತ ಕೆಳಗಿರಬೇಕು. ಗರಡಿಯಲ್ಲಿ ಕುಸ್ತಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೆಳಗೆ ಹೊಕ್ಕವನ ಪಟ್ಟಿಗೆ ಮೇಲೆ ನಿಂತವನ ತೂಕ ಲೆಕ್ಕಕ್ಕಿಲ್ಲ. ಗಾರ್ಡ್ ಮತ್ತು ಟ್ಯಾಕಲ್ ಸೊಂಟಕ್ಕೆ ಸೊಂಟ ತಾಗಿಸಿಕೊಂಡೇ ಇರಬೇಕು, ನಡುವೆ ಸಂದಿ ಬಿಟ್ಟರೆ ಡಿಫೆಂಡರ್ ಭುಜ ತೂರಿಸಿ ಇಬ್ಬರನ್ನೂ ಸೀಳಿಕೊಂಡು ಹೋಗುತ್ತಾನೆ. ಅವನ ಹಿಮ್ಮಡಿ ನೆಲ ಬಿಟ್ಟ ಮೇಲೆ ಇಬ್ಬರಲ್ಲಿ ಒಬ್ಬ ಕಳಚಿಕೊಂಡು, ಹಿಂದೆ ಡಿಫೆನ್ಸಿನ ಎರಡನೇ ಸಾಲಿನಲ್ಲಿರುವ ಲೈನ್‌ಬ್ಯಾಕರ್ ಮೇಲೆ ಏರುತ್ತಾನೆ.

ತಪ್ಪಾಗುವುದು ಹೆಚ್ಚಾಗಿ ಸೊಂಟದಲ್ಲಿ. ಮಂಡಿ ಮಡಚುವ ಬದಲು ಸೊಂಟ ಬಗ್ಗಿಸಿದವನು ತಗ್ಗಿದ ಹಾಗೆ ಕಾಣುತ್ತಾನೆ, ಆದರೆ ಬಲವೆಲ್ಲ ಮುಂದಕ್ಕೆ ವಾಲಿರುತ್ತದೆ. ಡಿಫೆಂಡರ್ ಒಮ್ಮೆ ಜಗ್ಗಿ ಪಕ್ಕಕ್ಕೆ ಸರಿದರೆ ಮುಗ್ಗರಿಸಿ ಬೀಳುತ್ತಾನೆ. ಕೈ ಭುಜದ ಹೊರಗೆ ಹೋದರೆ ಜೆರ್ಸಿ ಹಿಡಿಯಬೇಕಾಗುತ್ತದೆ, ಹೋಲ್ಡಿಂಗ್, 10 ಯಾರ್ಡ್ ದಂಡ. ಡಿಕ್ಕಿಯಾದ ಮೇಲೆ ಕಾಲಾಡಿಸುವುದನ್ನು ನಿಲ್ಲಿಸಿದರೆ ಗೆದ್ದ ಜಾಗವೂ ಹೋಗುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ತಲೆ ತಗ್ಗಿಸುವುದು. ಕತ್ತು ನೆಟ್ಟಗಾಗಿ ಹೆಲ್ಮೆಟ್ಟಿನ ನೆತ್ತಿ ತಾಗಿದರೆ ಏಟು ಪೂರ್ತಿ ಬೆನ್ನುಮೂಳೆಗೆ ಇಳಿಯುತ್ತದೆ. ಹೀಗೆ ತಲೆಯಿಂದ ತಿವಿಯುವುದನ್ನು 1976ರಲ್ಲಿ ನಿಷೇಧಿಸಿದ ಮೇಲೆ ಕತ್ತು ಮುರಿದು ಕೈಕಾಲಿನ ಸ್ವಾಧೀನ ಕಳೆದುಕೊಳ್ಳುವ ಹುಡುಗರ ಸಂಖ್ಯೆ ಗಣನೀಯವಾಗಿ ಇಳಿಯಿತು.

ಇದನ್ನು ಒಂದು ಸಲ ಚೆನ್ನಾಗಿ ಮಾಡುವವರು ಬೇಕಾದಷ್ಟು ಜನ. ಅರವತ್ತನೇ ಸ್ನ್ಯಾಪ್‌ನಲ್ಲೂ ಅದೇ ಆರು ಇಂಚಿನ ಹೆಜ್ಜೆ ಹಾಕುವವರು ಕಡಿಮೆ. ಸುಸ್ತಾದ ಮೈ ಮೊದಲು ಮಾಡುವ ಕೆಲಸವೇ ಎದ್ದು ನಿಲ್ಲುವುದು. ನಾಲ್ಕನೇ ಕ್ವಾರ್ಟರ್‌ನಲ್ಲಿ ಡಿಫೆನ್ಸಿನವರು ಒಂದು ಪ್ಲೇ (ಸ್ನ್ಯಾಪ್‌ನಿಂದ ಆಟ ನಿಲ್ಲುವ ತನಕದ ಒಂದು ಸುತ್ತು) ಮುಗಿದು ಇನ್ನೊಂದು ಶುರುವಾಗುವ ನಡುವೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರೆ, ಸ್ನ್ಯಾಪ್ ಆದ ಕೂಡಲೇ ಎದೆ ನೆಟ್ಟಗಾಗುತ್ತಿದ್ದರೆ, ಅಲ್ಲಿಗೆ ತಿಳಿಯಿತು. ಮೊದಲ ಕ್ವಾರ್ಟರ್‌ನಲ್ಲಿ ಎರಡು ಯಾರ್ಡ್ ಕೊಡುತ್ತಿದ್ದ ಪ್ಲೇ ಆಗ ಆರು ಕೊಡುತ್ತದೆ.

ಇದಕ್ಕೆ ಒಳ್ಳೆಯ ಉದಾಹರಣೆ 2023ರ ನವೆಂಬರ್ 11ರಂದು ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಮೈದಾನದಲ್ಲಿ ಮಿಷಿಗನ್ ಆಡಿದ ಪಂದ್ಯ. ಲಕ್ಷಕ್ಕೂ ಹೆಚ್ಚು ಜನ ಕೂಗುತ್ತಿದ್ದ ಕ್ರೀಡಾಂಗಣ, ಮಿಷಿಗನ್‌ನ ಮುಖ್ಯ ಕೋಚ್ ಅಮಾನತಿನಲ್ಲಿದ್ದರು. ಪಂದ್ಯದ ಕೊನೆಗೆ ಮಿಷಿಗನ್ ಸತತ 32 ಪ್ಲೇಗಳಲ್ಲಿ ಓಟವನ್ನೇ ಆಡಿತು. ನಡುವೆ ಎಸೆದ ಒಂದೇ ಪಾಸ್ ಪೆನಲ್ಟಿಯಿಂದಾಗಿ ಲೆಕ್ಕಕ್ಕೆ ಬರಲಿಲ್ಲ. ಎದುರಿನವರಿಗೆ ಏನು ಬರುತ್ತದೆ ಅಂತ ಪೂರ್ತಿ ಗೊತ್ತಿತ್ತು, ತಡೆಯಲು ಆಗಲಿಲ್ಲ. 24-15. ಆ ಋತುವಿನಲ್ಲಿ ಒಂದೂ ಪಂದ್ಯ ಸೋಲದೆ ಮಿಷಿಗನ್ ರಾಷ್ಟ್ರೀಯ ಚಾಂಪಿಯನ್ ಆಯಿತು. ಮುಚ್ಚುಮರೆಯಿಲ್ಲದೆ ಆಡಿ ಗೆಲ್ಲುವುದಕ್ಕಿಂತ ದೊಡ್ಡ ಬೆದರಿಕೆ ಈ ಆಟದಲ್ಲಿ ನಮಗಂತೂ ಕಾಣುವುದಿಲ್ಲ.

ಹಾಗಾದರೆ ಹೆದರಿಕೆ ಮೈದಾನದಲ್ಲಿ ಹೇಗೆ ಕಾಣುತ್ತದೆ? ಇಲ್ಲಿಯವರೆಗೆ ಬಂದ ಆಟಗಾರ ಅಳುವುದಿಲ್ಲ, ಓಡಿಹೋಗುವುದಿಲ್ಲ. ಅವನ ನಿರ್ಧಾರ ಕಾಲು ಸೆಕೆಂಡ್ ಬದಲಾಗುತ್ತದೆ, ಅಷ್ಟೇ. ಮಧ್ಯದ ಜಾಗದಲ್ಲಿ ಪಾಸ್ ಹಿಡಿಯಬೇಕಾದ ರಿಸೀವರ್ ಹಿಂದಿನ ಸಲ ಪಕ್ಕೆಗೆ ಬಿದ್ದ ಏಟು ನೆನೆದು ಕೈಯನ್ನು ಪೂರ್ತಿ ಚಾಚುವುದಿಲ್ಲ. ಆಟಗಾರರು ಇದಕ್ಕೆ ‘ಮೊಸಳೆ ಕೈ’ ಅನ್ನುತ್ತಾರೆ, ಮೋಟು ಕೈ ಅಂತ ಅರ್ಥ. ಎರಡು ಸಲ ನೆಲಕ್ಕೆ ಬಿದ್ದ ಕ್ವಾರ್ಟರ್‌ಬ್ಯಾಕ್ (ಪಾಸ್ ಎಸೆಯುವವನು) ದೂರದ ರಿಸೀವರ್‌ನನ್ನು ನೋಡುವ ಬದಲು ತನ್ನ ಮೇಲೆ ಬರುತ್ತಿರುವವರನ್ನು ನೋಡತೊಡಗುತ್ತಾನೆ. ಕಣ್ಣು ಕೆಳಗಿಳಿಯಿತು ಅಂದರೆ ಪಾಸ್ ಆಟ ಮುಗಿಯಿತು. ಟ್ಯಾಕಲ್ ಮಾಡಬೇಕಾದ, ಅಂದರೆ ಹಿಡಿದು ಕೆಡವಬೇಕಾದ, ಕಾರ್ನರ್‌ಬ್ಯಾಕ್ (ಡಿಫೆನ್ಸಿನ ಅಂಚು ಕಾಯುವವನು) ಓಡಿ ಬರುವವನ ಎದುರು ನಿಲ್ಲದೆ ಪಕ್ಕದಿಂದ ತೋಳು ಹಾಕುತ್ತಾನೆ. ಮರುದಿನ ಕೋಚ್‌ಗಳು ವಿಡಿಯೊ ಹಾಕಿಕೊಂಡು ಹುಡುಕುವುದು ಇವನ್ನೇ.

ವೇಷಭೂಷಣದ ಬೆದರಿಕೆ ಮಾತ್ರ ನೆಚ್ಚಿಕೊಳ್ಳುವಂಥದ್ದಲ್ಲ. 1987ರ ಜನವರಿ 2ರ ಫಿಯೆಸ್ಟಾ ಬೌಲ್, ಋತುವಿನ ಕೊನೆಯ ದೊಡ್ಡ ಪಂದ್ಯ, ನಂಬರ್ ಒನ್ ಮಯಾಮಿಗೂ ನಂಬರ್ ಟೂ ಪೆನ್ ಸ್ಟೇಟ್‌ಗೂ. ಮಯಾಮಿ ಆಟಗಾರರು ಸೈನಿಕರ ಹಸಿರು ಸಮವಸ್ತ್ರ ತೊಟ್ಟು ಊರಿಗೆ ಬಂದಿಳಿದರು, ಎರಡೂ ತಂಡಗಳಿಗೆ ಏರ್ಪಡಿಸಿದ್ದ ಊಟದಿಂದ ಎದ್ದು ಹೊರನಡೆದರು. ಪಂದ್ಯದಲ್ಲಿ ಯಾರ್ಡ್ ಲೆಕ್ಕ ನೋಡಿದರೆ ಮಯಾಮಿ 445, ಪೆನ್ ಸ್ಟೇಟ್ 162. ಆದರೂ ಗೆದ್ದದ್ದು ಪೆನ್ ಸ್ಟೇಟ್, 14-10. ಪಾಸ್ ಹಿಡಿದ ಪ್ರತಿ ರಿಸೀವರ್‌ಗೂ ಅವರ ಡಿಫೆನ್ಸ್ ಲೆಕ್ಕ ಚುಕ್ತಾ ಮಾಡಿತು, ಮುಂದಿನ ಪಾಸ್‌ಗಳು ಕೈಯಿಂದ ಜಾರಿದವು. ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್ಮನ್ ಪ್ರಶಸ್ತಿಯನ್ನು 1986ರಲ್ಲಿ ಗೆದ್ದಿದ್ದ ಕ್ವಾರ್ಟರ್‌ಬ್ಯಾಕ್ ವಿನ್ನಿ ಟೆಸ್ಟವರ್ಡಿ ಐದು ಪಾಸ್‌ಗಳನ್ನು ಎದುರಾಳಿ ಕೈಗೆ ಎಸೆದರು. ಐದನೆಯದು ಕೊನೆಯ ನಿಮಿಷದಲ್ಲಿ, ಗೋಲ್ ಲೈನ್ ಹತ್ತಿರ.

ಬಾಯಿ ಜೋರಿಗೆ ಬೆಲೆಯೂ ಇದೆ. ಎದುರಾಳಿಯನ್ನು ಕೆಣಕಿದರೆ 15 ಯಾರ್ಡ್, ಅದೇ ಪಂದ್ಯದಲ್ಲಿ ಇಂಥ ಎರಡನೇ ತಪ್ಪಾದರೆ ಆಟಗಾರ ಹೊರಗೆ. ಮೂರನೇ ಡೌನ್‌ನಲ್ಲಿ (ಹತ್ತು ಯಾರ್ಡ್ ದಾಟಲು ಸಿಗುವ ನಾಲ್ಕು ಪ್ರಯತ್ನಗಳಲ್ಲಿ ಮೂರನೆಯದು) ಎದುರಾಳಿಯನ್ನು ತಡೆದು ನಿಲ್ಲಿಸಿ, ಸದ್ದು ಅಡಗುವ ಮೊದಲೇ ಅವನ ಮುಖದ ಹತ್ತಿರ ಹೋಗಿ ಕೂಗಿದರೆ, ಹತ್ತು ಯಾರ್ಡ್‌ಗೆ ಒದ್ದಾಡುತ್ತಿದ್ದವನ ಕೈಗೆ ಹದಿನೈದು ಸಿಕ್ಕ ಹಾಗೆ. ‘ಟಾರ್ಗೆಟಿಂಗ್’ ಇನ್ನೂ ದುಬಾರಿ. ಹೆಲ್ಮೆಟ್ಟಿನ ನೆತ್ತಿಯಿಂದ ಗುದ್ದುವುದು, ಅಥವಾ ಪಾಸ್ ಹಿಡಿಯುತ್ತಾ ತನ್ನನ್ನು ಕಾಪಾಡಿಕೊಳ್ಳಲಾಗದವನ ತಲೆ, ಕತ್ತಿಗೆ ಬಲವಾಗಿ ಹೊಡೆಯುವುದು ಇದರಡಿ ಬರುತ್ತದೆ. 2013ರಿಂದ ಇದಕ್ಕೆ 15 ಯಾರ್ಡ್ ಜೊತೆಗೆ ಉಚ್ಚಾಟನೆಯೂ ಇದೆ. ಹಾಗಾಗಿ ಈಗ ಟ್ಯಾಕಲ್ ಕಲಿಸುವಾಗ ಗುರಿ ಎದೆಯಿಂದ ಸೊಂಟದವರೆಗಿನ ಜಾಗ, ಕಣ್ಣು ಮೇಲೆ, ಭುಜದಿಂದ ಹೊಡೆತ, ತೋಳು ಸುತ್ತಿ ಹಿಡಿತ. ಆಟ ಮೆತ್ತಗಾಯಿತು ಅನ್ನುವವರಿದ್ದಾರೆ. ನಾವು ಒಪ್ಪುವುದಿಲ್ಲ. ಭುಜದಿಂದ ಸರಿಯಾಗಿ ಬಿದ್ದ ಏಟು ಮೊದಲಿನಷ್ಟೇ ನೋಯುತ್ತದೆ, ಹೊಡೆದವನೂ ಮುಂದಿನ ವಾರ ಆಡುತ್ತಾನೆ.

ಈ ಗಟ್ಟಿತನ ಬರುವುದು ಅಭ್ಯಾಸದಿಂದ. ಎದ್ದು ನಿಲ್ಲಲಾಗದಷ್ಟು ತಗ್ಗು ಚಾವಣಿಯ ಕಬ್ಬಿಣದ ಗೂಡಿನಿಂದ (ಹೆಸರು ಚೂಟ್) ಲೈನ್‌ಮನ್‌ಗಳು ದಿನವೂ ಹೊರಡುತ್ತಾರೆ, ತಲೆ ಎತ್ತಿದರೆ ಕಂಬಿಗೆ ಹೆಲ್ಮೆಟ್ ಬಡಿಯುತ್ತದೆ. ಪ್ಯಾಡ್ ಕಟ್ಟಿದ ಭಾರದ ಸ್ಲೆಡ್ ತಳ್ಳುತ್ತಾರೆ. ಅದು ನೆಟ್ಟಗೆ ಹೋದರೆ ಎರಡೂ ಕಾಲು ಸಮ ಕೆಲಸ ಮಾಡಿವೆ, ತಿರುಗಿದರೆ ಒಂದು ಭುಜ ಸೋತಿದೆ. ಆಮೇಲೆ ಪಾಸ್ ಇಲ್ಲದ, ಬರೀ ಓಟದ ‘ನೈನ್ ಆನ್ ಸೆವೆನ್’ ಎಂಬ ಅಭ್ಯಾಸ, ಆಫೆನ್ಸಿನ ಒಂಬತ್ತು ಜನ ಡಿಫೆನ್ಸಿನ ಏಳು ಜನರ ಎದುರು. ಇಬ್ಬರನ್ನು ಇಕ್ಕಟ್ಟಿನಲ್ಲಿ ನಿಲ್ಲಿಸಿ ನೇರ ಗುದ್ದಿಸುವ ಹಳೆಯ ‘ಓಕ್ಲಹೋಮ ಡ್ರಿಲ್’ ಅನ್ನು ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆ ಎನ್‌ಸಿಎಎ 2021ರಲ್ಲಿ ನಿಲ್ಲಿಸಿತು. ಒಳ್ಳೆಯದಾಯಿತು. ಅದರಲ್ಲಿ ತಲೆಗೆ ಬೀಳುವ ಏಟು ಜಾಸ್ತಿ, ಪಂದ್ಯಕ್ಕೆ ಬೇಕಾದ ಕೋನ, ಹೆಜ್ಜೆ ಕಲಿಯುವುದು ಕಡಿಮೆ.

ಈಗ ನಮ್ಮನ್ನು ಹೆಚ್ಚು ಕಾಡುವ ವಿಷಯಕ್ಕೆ ಬರೋಣ: ನೀರು ಕೊಡದೆ, ಬೀಳುವ ತನಕ ಓಡಿಸಿ ಗಟ್ಟಿ ಮಾಡುವುದು. 1954ರಲ್ಲಿ ಟೆಕ್ಸಸ್ ಎ ಅಂಡ್ ಎಂ ಕೋಚ್ ಬೇರ್ ಬ್ರಯಂಟ್ ತಂಡವನ್ನು ಜಂಕ್ಷನ್ ಎಂಬ ಊರಿಗೆ ಕರೆದೊಯ್ದು, ಬರಗಾಲದ ಬಿಸಿಲಲ್ಲಿ ನೀರಿನ ವಿರಾಮವಿಲ್ಲದೆ ಹತ್ತು ದಿನ ಆಡಿಸಿದರು. ಬಹುಪಾಲು ಹುಡುಗರು ಬಿಟ್ಟುಹೋದರು. ಉಳಿದವರ ಕತೆಯನ್ನು ಇವತ್ತಿಗೂ ಹೊಗಳುತ್ತಾರೆ, ಆದರೆ ಆ ವರ್ಷ ತಂಡ ಗೆದ್ದದ್ದು ಒಂದು, ಸೋತದ್ದು ಒಂಬತ್ತು. ಎರಡು ವರ್ಷದ ಮೇಲೆ ಅದೇ ಕೋಚ್ ಕೈಕೆಳಗೆ ಸೋಲಿಲ್ಲದೆ ಋತು ಮುಗಿಸಿದ್ದು ನಿಜ, ಅದಕ್ಕೆ ನೀರು ತಡೆದದ್ದೇ ಕಾರಣ ಅನ್ನಲು ಆಧಾರವಿಲ್ಲ.

2018ರಲ್ಲಿ ಮೇರಿಲೆಂಡ್ ವಿಶ್ವವಿದ್ಯಾಲಯದ 19 ವರ್ಷದ ಲೈನ್‌ಮನ್ ಒಬ್ಬ 110 ಯಾರ್ಡ್ ಓಟಗಳ ಅಭ್ಯಾಸದಲ್ಲಿ ಕುಸಿದು, ಎರಡು ವಾರದ ಮೇಲೆ ತೀರಿಕೊಂಡ. ಬಿಸಿಲಾಘಾತ. ತಣ್ಣೀರಿನಲ್ಲಿ ಮುಳುಗಿಸಿದ್ದರೆ ಉಳಿಯುವ ಅವಕಾಶವಿತ್ತು, ಮುಳುಗಿಸಲಿಲ್ಲ. ವಿಶ್ವವಿದ್ಯಾಲಯ ಕಾನೂನಿನ ಮತ್ತು ನೈತಿಕ ಹೊಣೆ ಒಪ್ಪಿಕೊಂಡಿತು.

ಅಮೆರಿಕದಲ್ಲಿರುವ ಕನ್ನಡಿಗರ ಮನೆಯ ಹುಡುಗರೂ ಶಾಲೆಯಲ್ಲಿ ಈ ಆಟ ಆಡಬಹುದು, ಆದ್ದರಿಂದ ಇದನ್ನು ಬಿಡಿಸಿಯೇ ಹೇಳುತ್ತೇವೆ. ಆಗಸ್ಟ್ ಅಭ್ಯಾಸದ ಮೊದಲ ದಿನಗಳಲ್ಲಿ ಹೆಲ್ಮೆಟ್ ಮಾತ್ರ, ಆಮೇಲೆ ಶೋಲ್ಡರ್ ಪ್ಯಾಡ್, ಕೊನೆಗೆ ಪೂರ್ತಿ ಪ್ಯಾಡ್. ಮೈ ಸೆಕೆಗೆ ಒಗ್ಗಲು ದಿನಗಳು ಬೇಕು. ಅತಿ ಹೆಚ್ಚು ಅಪಾಯದಲ್ಲಿರುವವರು ದಪ್ಪ ಮೈಯ ಲೈನ್‌ಮನ್‌ಗಳೇ. ಹುಡುಗ ತೊದಲಿದರೆ, ಸಿಟ್ಟಾದರೆ, ದಿಕ್ಕು ತಪ್ಪಿದವನಂತೆ ನಡೆದರೆ ಅದು ಸೋಮಾರಿತನ ಅಲ್ಲ. ಒಳಮೈ ತಾಪ 40.5 ಡಿಗ್ರಿ ಸೆಲ್ಸಿಯಸ್ ಆಸುಪಾಸು ಮುಟ್ಟಿರಬಹುದು. ಹಣೆ, ಬಾಯಿಯ ಥರ್ಮಾಮೀಟರ್ ಇಲ್ಲಿ ನಂಬಿಕೆಗೆ ಬರುವುದಿಲ್ಲ, ಗುದದ ತಾಪವನ್ನೇ ಅಳೆಯಬೇಕು. ಆ್ಯಂಬುಲೆನ್ಸ್‌ಗೆ ಫೋನ್ ಮಾಡಿ, ಆದರೆ ಅದು ಬರಲಿ ಅಂತ ಕಾಯಬೇಡಿ. ಪ್ಯಾಡ್ ಬಿಚ್ಚಿ, ಕತ್ತಿನವರೆಗೆ ಐಸ್ ನೀರಿನ ಟಬ್‌ನಲ್ಲಿ ಕೂರಿಸಿ, ನೀರನ್ನು ಕಲಕುತ್ತಾ ಇರಿ. ತಾಪ 38.9 ಡಿಗ್ರಿಗೆ ಇಳಿದ ಮೇಲೆ ಆಸ್ಪತ್ರೆಗೆ. ಕುಸಿದ ಅರ್ಧ ಗಂಟೆಯೊಳಗೆ ತಾಪ ಇಳಿದಿರಬೇಕು.

ಪಾಲಕರ ಸಭೆಯಲ್ಲಿ ಕೋಚ್ ‘ನಮ್ಮದು ಫಿಸಿಕಲ್ ಟೀಮ್’ ಅಂದಾಗ ಸಂಕೋಚಪಡದೆ ಎರಡು ಮಾತು ಕೇಳಿ: ಟಬ್ ಎಲ್ಲಿಟ್ಟಿದ್ದೀರಿ, ಅಭ್ಯಾಸ ಶುರುವಾಗುವ ಮೊದಲೇ ಅದರಲ್ಲಿ ನೀರು ತುಂಬಿರುತ್ತದಾ?