ಹ್ಯಾಂಡ್‌ಸೈಕಲ್ ತೂಗುವ ಮೊದಲು ಭುಜವನ್ನು ಅಳೆಯಿರಿ

ಹ್ಯಾಂಡ್‌ಸೈಕಲ್, ಅಂದರೆ ಕಾಲಿನ ಬದಲು ಕೈಯಿಂದ ಹಿಡಿಕೆ ತಿರುಗಿಸಿ ಓಡಿಸುವ ಮೂರು ಚಕ್ರದ ಗಾಡಿ, ನೋಡಲು ಬರುವವರ ಮನೆಯವರು ಮೊದಲು ಗಾಡಿಯ ಮುಂಭಾಗವನ್ನು ಕೈಯಿಂದ ಎತ್ತಿ, ‘ಡಾಕ್ಟ್ರೇ, ಇದು ಎಷ್ಟು ಕೆ.ಜಿ. ಬರುತ್ತದೆ?’ ಎಂದು ಕೇಳುತ್ತಾರೆ. ಶಿವಮೊಗ್ಗದಲ್ಲಿ ಬೆನ್ನುಹುರಿಗೆ ಪೆಟ್ಟಾದವರಿಗೆ ಫಿಸಿಯೋಥೆರಪಿ ಮಾಡುತ್ತ, ಅವರ ಗಾಲಿಕುರ್ಚಿ ಮತ್ತು ಸೈಕಲ್ಲುಗಳನ್ನು ಮೈಗೆ ಹೊಂದಿಸಿಕೊಡುತ್ತ ಬಂದಿರುವ ನನಗೆ ಈ ಪ್ರಶ್ನೆ ಕೇಳಿ ಕೇಳಿ ಬೇಸರವಾಗಿದೆ. ಏರಿನಲ್ಲಿ ಕಷ್ಟವಾಗಬಾರದು ಎಂಬ ಕಾಳಜಿ ಅದರ ಹಿಂದಿದೆ ಎಂಬುದು ನನಗೆ ಗೊತ್ತು. ಆದರೆ ಹಗುರವಾದ ಗಾಡಿ ಕೊಂಡ ಮಾತ್ರಕ್ಕೆ ಆ ಕಷ್ಟ ತಪ್ಪುವುದಿಲ್ಲ.

ಒಂದು ಲೆಕ್ಕ ನೋಡೋಣ. ಸವಾರನ ತೂಕ 65 ಕೆ.ಜಿ., ಗಾಡಿಯದು 15 ಕೆ.ಜಿ., ಒಟ್ಟು 80 ಕೆ.ಜಿ. ಎಂದಿಟ್ಟುಕೊಳ್ಳಿ. ದುಬಾರಿ ಕಾರ್ಬನ್ ಭಾಗಗಳನ್ನು ಹಾಕಿಸಿ 2 ಕೆ.ಜಿ. ಇಳಿಸಿದರೆ ಏರಿನಲ್ಲಿ ಉಳಿತಾಯವಾಗುವ ಶ್ರಮ ನೂರಕ್ಕೆ ಎರಡೂವರೆ ಪಾಲು ಮಾತ್ರ. ಈಗ ಗೇರಿನ ವಿಷಯಕ್ಕೆ ಬನ್ನಿ. ನೂರು ಮೀಟರಿಗೆ ಎಂಟು ಮೀಟರ್ ಏರುವ ರಸ್ತೆಯಲ್ಲಿ, 26 ಇಂಚಿನ ಮುಂಚಕ್ರದ ಗಾಡಿಗೆ ಹಿಡಿಕೆಯ ಬಳಿ 39 ಹಲ್ಲಿನ ಚೈನ್‌ವೀಲ್, ಚಕ್ರದ ಬಳಿ 25 ಹಲ್ಲಿನ ಕೊನೆಯ ಗೇರು ಇದ್ದರೆ, 17 ಸೆಂ.ಮೀ. ಉದ್ದದ ಕ್ರ್ಯಾಂಕಿನ (ಚೈನ್‌ವೀಲನ್ನು ತಿರುಗಿಸುವ ತೋಳಿನ) ಹಿಡಿಕೆಗಳ ಮೇಲೆ ಎರಡೂ ಕೈ ಸೇರಿ ಸುಮಾರು 20 ಕೆ.ಜಿ.ಯಷ್ಟು ಒತ್ತಡ ಹಾಕುತ್ತಲೇ ಇರಬೇಕು. ಅದೇ ಗಾಡಿಗೆ 22 ಮತ್ತು 34 ಹಲ್ಲಿನ ಜೋಡಿ ಹಾಕಿದರೆ ಆ ಒತ್ತಡ 8 ಕೆ.ಜಿ.ಯ ಆಸುಪಾಸಿಗೆ ಇಳಿಯುತ್ತದೆ. ನಿಮಿಷಕ್ಕೆ 60 ಸುತ್ತು ತಿರುಗಿಸಿದರೂ ಗಂಟೆಗೆ 5 ಕಿ.ಮೀ. ದಾಟುವುದಿಲ್ಲ, ಅಂದರೆ ನಡೆದು ಹೋಗುವವರ ವೇಗ. ತೋಳುಗಳ ದುಡಿಯುವ ಸಾಮರ್ಥ್ಯ ಸಾಮಾನ್ಯವಾಗಿ ಕಾಲುಗಳ ಸಾಮರ್ಥ್ಯದ ಮೂರನೇ ಎರಡು ಭಾಗದಷ್ಟೇ ಇರುವುದರಿಂದ, ನಮ್ಮ ಘಟ್ಟದ ರಸ್ತೆಗಳಲ್ಲಿ ಆ ನಿಧಾನವನ್ನು ಒಪ್ಪಿಕೊಳ್ಳುವುದೇ ಸರಿ.

ಇಷ್ಟನ್ನು ಹೇಳಿದರೆ ಜನ ಒಪ್ಪುತ್ತಾರೆ. ಒಪ್ಪಿಸಲು ಕಷ್ಟವಾಗುವುದು ಅಳತೆಯ ವಿಷಯ. ಬೆನ್ನೊರಗಿನಿಂದ ಕ್ರ್ಯಾಂಕಿನ ನಡುಗೂಟದವರೆಗಿನ ದೂರ ಪ್ರತಿಯೊಬ್ಬರ ಮೈಗೂ ಬೇರೆಯಾಗಿರುತ್ತದೆ. ಹಿಡಿಕೆ ಅತ್ಯಂತ ದೂರಕ್ಕೆ ಹೋದಾಗಲೂ ಮೊಣಕೈ ಸ್ವಲ್ಪ ಮಡಚಿಯೇ ಇರಬೇಕು ಮತ್ತು ಭುಜದ ಹಿಂಭಾಗ ಒರಗನ್ನು ಬಿಡಬಾರದು. ದೂರ ಹೆಚ್ಚಾದರೆ ಪ್ರತಿ ಸುತ್ತಿನಲ್ಲೂ ಮೈ ಮುಂದಕ್ಕೆ ಎಳೆಯಲ್ಪಡುತ್ತದೆ. ಹೊಟ್ಟೆ ಮತ್ತು ಬೆನ್ನಿನ ಸ್ನಾಯುಗಳು ಕೆಲಸ ಮಾಡುವವರು ಅದನ್ನು ಹಿಂದಕ್ಕೆ ಹಿಡಿದುಕೊಳ್ಳಬಲ್ಲರು, ಆದರೆ ಎದೆಯ ಮಟ್ಟದಲ್ಲಿ ಬೆನ್ನುಹುರಿಗೆ ಪೆಟ್ಟಾದವರಿಗೆ ಅದು ಸಾಧ್ಯವಿಲ್ಲದೆ ಆ ಎಳೆತವೆಲ್ಲ ಭುಜದ ಕೀಲನ್ನು ಸುತ್ತಿಕೊಂಡಿರುವ ಸಣ್ಣ ಸ್ನಾಯುಗಳ ಮೇಲೆ ಬೀಳುತ್ತದೆ. ದೂರ ಕಡಿಮೆಯಾದರೂ ತಪ್ಪೇ, ಮೊಣಕೈ ಬೆನ್ನಿನ ಹಿಂದಕ್ಕೆ ಸರಿದು ಭುಜದ ಮುಂಭಾಗ ಸವೆಯುತ್ತದೆ. ಹಿಡಿಕೆಗಳ ನಡುವಿನ ಅಗಲ ಭುಜದ ಅಗಲಕ್ಕೆ ಹತ್ತಿರವಿರಬೇಕು. ಹಿಡಿಕೆ ಮೇಲಕ್ಕೆ ಬಂದಾಗ ಕೈ ರಸ್ತೆಯ ನೋಟವನ್ನು ಮರೆಮಾಡಬಾರದು, ಕೆಳಕ್ಕೆ ಹೋದಾಗ ತೊಡೆಗೆ ಉಜ್ಜಬಾರದು.

ಭುಜದ ಬಗ್ಗೆ ಇಷ್ಟು ಹಟ ಹಿಡಿಯುವುದಕ್ಕೆ ಕಾರಣವಿದೆ. ಕಾಲಿನ ಸ್ವಾಧೀನವಿಲ್ಲದವರು ಹಾಸಿಗೆಯಿಂದ ಕುರ್ಚಿಗೆ ಹೋಗುವುದೂ, ಕುರ್ಚಿಯನ್ನು ತಳ್ಳುವುದೂ, ಹುಣ್ಣಾಗದಂತೆ ಆಗಾಗ ಮೈಯನ್ನು ಎತ್ತಿಕೊಳ್ಳುವುದೂ ಅದೇ ಭುಜಗಳಿಂದ.

ತೀರ್ಥಹಳ್ಳಿ ಕಡೆಯ ಯುವಕನೊಬ್ಬ ಅಡಿಕೆ ಕೊನೆ ತೆಗೆಯಲು ಮರ ಹತ್ತಿದವನು ಬಿದ್ದು, ಎದೆಯಿಂದ ಕೆಳಗೆ ಸ್ವಾಧೀನ ಕಳೆದುಕೊಂಡಿದ್ದ. ಅವನ ಅಣ್ಣ ಸಾಲ ಮಾಡಿ, ವಿದೇಶದ ಹಳೆಯ ರೇಸಿಂಗ್ ಹ್ಯಾಂಡ್‌ಸೈಕಲ್ಲೊಂದನ್ನು ಪ್ರೀತಿಯಿಂದ ತಂದುಕೊಟ್ಟರು. ಆರಡಿ ಎತ್ತರದ ಯಾರಿಗೋ ಹೊಂದಿಸಿದ್ದ ಗಾಡಿ ಅದು, ಈ ಹುಡುಗ ಐದಡಿ ನಾಲ್ಕಿಂಚು. ಒಂದೂವರೆ ತಿಂಗಳು ಹಟದಿಂದ ತುಳಿದಂತೆ ತಿರುಗಿಸಿದ. ಆಮೇಲೆ ಭುಜ ಎತ್ತಲಾಗದೆ, ಹಾಸಿಗೆಯಿಂದ ಕುರ್ಚಿಗೆ ಅವನನ್ನು ಮತ್ತೆ ತಾಯಿಯೇ ಎತ್ತಿ ಕೂರಿಸಬೇಕಾಯಿತು. ನನ್ನ ಬಳಿ ಬಂದಾಗ ಅವನು ಕೇಳಿದ್ದು, ‘ಇನ್ನೂ ಹಗುರದ್ದು ಸಿಗುತ್ತದಾ ಸಾರ್?’ ಎಂದು. ವಿಶ್ರಾಂತಿ ಮತ್ತು ವ್ಯಾಯಾಮದಿಂದ ನೋವು ಇಳಿದ ಮೇಲೆ, ಕ್ರ್ಯಾಂಕಿನ ಕೊಳವೆಯನ್ನು 6 ಸೆಂ.ಮೀ. ಒಳಕ್ಕೆ ಸರಿಸಿ, ಹಿಡಿಕೆಗಳ ಅಗಲ ಕಡಿಮೆ ಮಾಡಿ, ಮೇಲೆ ಹೇಳಿದ ಸಣ್ಣ ಗೇರನ್ನು ಹಾಕಿಸಿದೆವು. ಗಾಡಿಯ ತೂಕ ಸ್ವಲ್ಪ ಹೆಚ್ಚೇ ಆಯಿತು. ಅವನು ಈಗ ಮಂಡಗದ್ದೆಯ ರಸ್ತೆಯಲ್ಲಿ ವಾರಕ್ಕೆ ಮೂರು ದಿನ ಓಡಿಸುತ್ತಾನೆ. ಎಲ್ಲರ ಭುಜವೂ ಹೀಗೆಯೇ ಚೇತರಿಸಿಕೊಳ್ಳುತ್ತದೆ ಎಂದು ಮಾತ್ರ ನಾನು ಹೇಳಲಾರೆ.

ಇನ್ನು ಕೆಲವರು ಅಲೆಕ್ಸ್ ಜನಾರ್ಡಿಯವರ ವಿಡಿಯೊ ತೋರಿಸಿ ಅಂಥದೇ ಗಾಡಿ ಬೇಕೆನ್ನುತ್ತಾರೆ. 2001ರಲ್ಲಿ ಕಾರ್ ರೇಸಿನ ಅಪಘಾತದಲ್ಲಿ ಎರಡೂ ಕಾಲು ಕಳೆದುಕೊಂಡ ಅವರು 2012ರ ಲಂಡನ್ ಮತ್ತು 2016ರ ರಿಯೊ ಪ್ಯಾರಾಲಿಂಪಿಕ್ಸ್‌ಗಳಲ್ಲಿ ಚಿನ್ನ ಗೆದ್ದರು. ಮಂಡಿಯೂರಿದ ಭಂಗಿಯಲ್ಲಿ, ಇಡೀ ಮೈಯನ್ನು ಮುಂದಕ್ಕೆ ಬಾಗಿಸಿ ತಳ್ಳುವ ಗಾಡಿ ಅದು. ಸೊಂಟದ ಮೇಲಿನ ಸ್ನಾಯುಗಳೆಲ್ಲ ಚೆನ್ನಾಗಿರುವವರಿಗೆ ಮಾತ್ರ ಸಲ್ಲುತ್ತದೆ. ಉಳಿದವರಿಗೆ ಹಿಂದಕ್ಕೆ ಒರಗಿ ಕೂರುವ ಗಾಡಿಯೇ ಸೂಕ್ತ. ಎರಡೂ ಹಿಡಿಕೆಗಳು ಒಟ್ಟಿಗೆ ಏಕೆ ತಿರುಗುತ್ತವೆ, ಸೈಕಲ್ ಪೆಡಲಿನಂತೆ ಒಂದಾದ ಮೇಲೊಂದು ಏಕಿಲ್ಲ ಎಂಬುದು ಒಳ್ಳೆಯ ಪ್ರಶ್ನೆ. ಓಡಿಸುವುದೂ ತಿರುಗಿಸುವುದೂ ಮುಂದಿನ ಒಂದೇ ಚಕ್ರವಾದ್ದರಿಂದ, ಕೈಗಳು ಸರದಿಯಲ್ಲಿ ತಳ್ಳಿದರೆ ಫೋರ್ಕ್ ಎಡಕ್ಕೂ ಬಲಕ್ಕೂ ಹೊಯ್ದಾಡುತ್ತದೆ.

ಮಲೆನಾಡಿನವರು ಇದೇ ಮುಂಚಕ್ರದ ಬಗ್ಗೆ ಇನ್ನೊಂದು ಎಚ್ಚರ ವಹಿಸಬೇಕು. ಪೂರ್ತಿ ಹಿಂದಕ್ಕೆ ಒರಗಿದರೆ ಗಾಳಿಯ ತಡೆ ಕಡಿಮೆಯಾಗುವುದು ನಿಜ, ಆದರೆ ಅದರ ಪ್ರಯೋಜನ ಸಮತಟ್ಟಾದ ರಸ್ತೆಯ ವೇಗದಲ್ಲಿ. ಆಗುಂಬೆಯ ತಿರುವಿನಲ್ಲೋ ಹುಲಿಕಲ್ ಘಾಟಿಯಲ್ಲೋ ಭಾರವೆಲ್ಲ ಹಿಂದಕ್ಕೆ ಸರಿದು, ಮಳೆಯಲ್ಲಿ ನೆನೆದ ಎಲೆ, ಪಾಚಿಯ ಮೇಲೆ ಮುಂಚಕ್ರ ನಿಂತಲ್ಲೇ ತಿರುಗುತ್ತದೆ. ಒರಗನ್ನು ಸ್ವಲ್ಪ ನೆಟ್ಟಗೆ ಮಾಡಬೇಕು, ಸಾಧ್ಯವಿರುವ ಗಾಡಿಯಲ್ಲಿ ಹಿಂದಿನ ಚಕ್ರಗಳನ್ನು ತುಸು ಹಿಂದಕ್ಕೆ ಸರಿಸಬೇಕು. ಇಳಿಜಾರಿಗೆ ಡಿಸ್ಕ್ ಬ್ರೇಕ್ ಇರಲಿ. ಗಾಡಿ ತಗ್ಗಾಗಿರುವುದರಿಂದ ಬಸ್ಸಿನವರಿಗೆ ಕಾಣುವಂತೆ ಎತ್ತರದ ಬಾವುಟ ಕಟ್ಟಲೇಬೇಕು. ಎದೆಯ ಮೇಲ್ಭಾಗದಲ್ಲಿ ಅಥವಾ ಕುತ್ತಿಗೆಯಲ್ಲಿ ಪೆಟ್ಟಾದವರಿಗೆ ಬೆವರುವಿಕೆ ಮತ್ತು ರಕ್ತದೊತ್ತಡದ ತೊಂದರೆಗಳು ಇರಬಹುದಾದ್ದರಿಂದ, ಅವರು ತಮ್ಮ ವೈದ್ಯರ ಒಪ್ಪಿಗೆಯಿಲ್ಲದೆ ಆರಂಭಿಸಬಾರದು.

ಅಳತೆಗೆ ಬರುವಾಗ ದಿನವೂ ಬಳಸುವ ಕುಶನ್ ಮತ್ತು ಹಾಕಿಕೊಳ್ಳುವ ಬೂಟುಗಳನ್ನು ತನ್ನಿ, ನಿಮ್ಮನ್ನು ಎತ್ತಿ ಕೂರಿಸಲು ನೆರವಾಗುವವರನ್ನೂ ಕರೆತನ್ನಿ. ತೀರ್ಥಹಳ್ಳಿಯ ಹುಡುಗ ಕಳೆದ ತಿಂಗಳು ಮತ್ತೆ ಬಂದಿದ್ದ. ಹೊಸ ಕುಶನ್ ಹಳೆಯದಕ್ಕಿಂತ ಎರಡು ಬೆರಳು ದಪ್ಪವಿತ್ತು, ಕ್ರ್ಯಾಂಕಿನ ಎತ್ತರವನ್ನು ಮೊದಲಿನಿಂದ ಅಳೆದೆವು.