ಅರ್ಧ ಗಂಟೆಯ ದೂರಕ್ಕೆ ಒಂದು ಗಂಟೆ ಯಾಕೆ?

ಬಳ್ಳಾರಿಯಿಂದ ಬೆಂಗಳೂರು ಎಷ್ಟು ದೂರ ಅಂದರೆ ನಮ್ಮ ಕಡೆ ಎಲ್ಲರೂ ಮುನ್ನೂರು ಚಿಲ್ಲರೆ ಕಿಲೋಮೀಟರ್ ಅನ್ನುತ್ತಾರೆ. ಅದು ಚಳ್ಳಕೆರೆ, ಹಿರಿಯೂರು, ತುಮಕೂರು ಮೇಲೆ ಹೋಗುವ ಬಸ್ಸಿನ ಲೆಕ್ಕ. ಹಂಪಿ ಎಕ್ಸ್‌ಪ್ರೆಸ್‌ನದು ಇನ್ನೂ ಸುತ್ತು. ಗುಂತಕಲ್ಲು, ಧರ್ಮವರಂ, ಹಿಂದೂಪುರ ಎಲ್ಲ ನೋಡಿಕೊಂಡು ಬರುತ್ತದೆ.

ವಿಮಾನಕ್ಕೆ ಈ ಹಂಗಿಲ್ಲ. ತೋರಣಗಲ್ಲು ಪಕ್ಕದ ವಿದ್ಯಾನಗರದ ವಿಮಾನ ನಿಲ್ದಾಣದಿಂದ ದೇವನಹಳ್ಳಿಗೆ ನಕ್ಷೆಯ ಮೇಲೆ ಸ್ಕೇಲ್ ಇಟ್ಟು ಗೆರೆ ಎಳೆಯಿರಿ. ರಾಯದುರ್ಗ, ಪಾವಗಡ, ಗೌರಿಬಿದನೂರು ಗೆರೆಯ ಆಚೀಚೆ ಸಿಗುತ್ತವೆ. ಉದ್ದವನ್ನು ನೀವೇ ಲೆಕ್ಕ ಹಾಕಬಹುದು. ವಿದ್ಯಾನಗರದಿಂದ ದೇವನಹಳ್ಳಿ ದಕ್ಷಿಣಕ್ಕೆ ಸುಮಾರು 2 ಡಿಗ್ರಿ, ಅಂದರೆ 220 ಕಿ.ಮೀ. ಪೂರ್ವಕ್ಕೆ ಸುಮಾರು 115 ಕಿ.ಮೀ. ಉಳಿದದ್ದು ಹೈಸ್ಕೂಲಿನ ಪೈಥಾಗೋರಸ್: ಹತ್ತಿರ ಹತ್ತಿರ 250 ಕಿ.ಮೀ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಮಾತ್ರ ಈ ಲೆಕ್ಕ ನಡೆಯಲ್ಲ. ಸುಮಾರು 14,000 ಕಿ.ಮೀ. ದೂರಕ್ಕೆ ಭೂಮಿ ಗುಂಡಗಿರುವುದನ್ನು ಮರೆಯುವಂತಿಲ್ಲ. ಅಲ್ಲಿಗೆ ಅತಿ ಹತ್ತಿರದ ದಾರಿ ಉತ್ತರ ಧ್ರುವದ ಕಡೆಯಿಂದ ಹೋಗುತ್ತದೆ!

ಈಗ ಸಮಯಕ್ಕೆ ಬರೋಣ. ಸಣ್ಣ ಊರುಗಳಿಗೂ ವಿಮಾನ ಓಡಿಸುವ ಕೇಂದ್ರ ಸರ್ಕಾರದ ಉಡಾನ್ ಯೋಜನೆಯಡಿ ವಿದ್ಯಾನಗರದಿಂದ ಹಾರಿದ್ದು ಎಟಿಆರ್ 72 ಎಂಬ ಫ್ಯಾನಿನ ವಿಮಾನ. ಮೇಲೇರಿದ ಮೇಲೆ ಅದರ ವೇಗ ಗಂಟೆಗೆ ಸುಮಾರು 500 ಕಿ.ಮೀ. ಭಾಗಿಸಿದರೆ ಅರ್ಧ ಗಂಟೆ ಸಾಕು. ಆದರೆ ವೇಳಾಪಟ್ಟಿಯಲ್ಲಿ ಒಂದು ಗಂಟೆ ಇಟ್ಟಿರುತ್ತಾರೆ. ಸುಮ್ನೆ ಇಟ್ಟದ್ದಲ್ಲ.

ಇಳಿಯುವುದನ್ನೇ ನೋಡಿ. ಪೈಲಟ್‌ಗಳದ್ದು ಒಂದು ಬಾಯಿಲೆಕ್ಕ ಇದೆ: ಇಳಿಯಬೇಕಾದ ಪ್ರತಿ ಸಾವಿರ ಅಡಿಗೆ ಮೂರು ನಾಟಿಕಲ್ ಮೈಲಿ. ವಿಮಾನ ನಿಲ್ದಾಣದ ನೆಲಕ್ಕಿಂತ 15,000 ಅಡಿ ಮೇಲಿದ್ದರೆ 45 ನಾಟಿಕಲ್ ಮೈಲಿ, ಅಂದರೆ 83 ಕಿ.ಮೀ. ಮೊದಲೇ ಇಳಿಯಲು ಶುರು ಮಾಡಬೇಕು. ಗೌರಿಬಿದನೂರು ಬರುವ ಮುಂಚೆಯೇ! ಏರುವಾಗಲೂ ಸಾಕಷ್ಟು ದೂರ ನಿಧಾನವಾಗಿಯೇ ಹೋಗುತ್ತದೆ. ಪೂರ್ತಿ ವೇಗಕ್ಕೆ ಸಿಗುವುದು ನಡುವಿನ ನೂರು ಕಿಲೋಮೀಟರ್ ಆಸುಪಾಸು ಅಷ್ಟೇ.

ಇದರ ಮೇಲೆ ಗಾಳಿಯ ಕಾಟ. ದೇವನಹಳ್ಳಿಯ ರನ್‌ವೇಗಳು ಪೂರ್ವ-ಪಶ್ಚಿಮವಾಗಿವೆ. ವಿಮಾನಗಳು ಎದುರು ಗಾಳಿಗೆ ಮುಖ ಮಾಡಿ ಇಳಿಯುತ್ತವೆ. ಮುಂಗಾರಿನಲ್ಲಿ ಗಾಳಿ ಪಶ್ಚಿಮದ್ದು. ಆಗ ನಮ್ಮ ಕಡೆಯಿಂದ ಹೋದ ವಿಮಾನ ನಿಲ್ದಾಣ ದಾಟಿ ಪೂರ್ವಕ್ಕೆ ಹೋಗಿ, ತಿರುಗಿ ಬಂದು ಇಳಿಯಬೇಕು. ಚಳಿಗಾಲದಲ್ಲಿ ಪೂರ್ವದ ಗಾಳಿ ಇದ್ದರೆ ಆ ಸುತ್ತು ತಪ್ಪುತ್ತದೆ. ಅದೇ ದೂರ, ಬೇರೆ ಸಮಯ.

ಇನ್ನೊಂದು ವಿಷಯ. ಟಿಕೆಟ್‌ನಲ್ಲಿರುವುದು ಬರೀ ಹಾರುವ ಹೊತ್ತಲ್ಲ. ವಿಮಾನ ನಿಂತ ಜಾಗದಿಂದ ಕದಲಿದ ಗಳಿಗೆಯಿಂದ ಅಲ್ಲಿ ಹೋಗಿ ನಿಲ್ಲುವವರೆಗಿನದು. ರನ್‌ವೇವರೆಗೆ ತೆವಳುವುದು, ಸರದಿ ಕಾಯುವುದು ಎಲ್ಲ ಅದರಲ್ಲೇ ಸೇರಿದೆ. ಸುಮಾರು 1,700 ಕಿ.ಮೀ. ದೂರದ ದೆಹಲಿಗೆ ಹೊರಟವರಿಗೆ ಇದು ಅಷ್ಟು ಕಾಣಿಸಲ್ಲ. 250 ಕಿ.ಮೀ. ಪ್ರಯಾಣದಲ್ಲಿ ಸಮಯದ ಒಳ್ಳೇ ಪಾಲು ಇದಕ್ಕೇ ಹೋಗುತ್ತದೆ.

ಬಳ್ಳಾರಿ ಊರಿನಿಂದ ತೋರಣಗಲ್ಲಿಗೆ ಸುಮಾರು 30 ಕಿ.ಮೀ., ಮುಂಚೆ ಹೋಗಿ ಕಾಯುವುದು, ಆಮೇಲೆ ದೇವನಹಳ್ಳಿಯಿಂದ ಮೆಜೆಸ್ಟಿಕ್‌ವರೆಗಿನ ಟ್ರಾಫಿಕ್. ಇಷ್ಟನ್ನೂ ಕೂಡಿಸಿದರೆ ಹಾರುವುದು ಒಟ್ಟು ಹೊತ್ತಿನ ಚಿಕ್ಕ ಪಾಲು ಅಷ್ಟೇ. ರಾತ್ರಿ ರೈಲು ಹತ್ತಿ ಮಲಗುವವರನ್ನು ನಾನಂತೂ ಹಳೇ ಕಾಲದವರು ಅನ್ನಲಾರೆ.